ಅಕ್ಕನ ಊರಿಗೆ ಹೋಗುವ ದಾರಿ

ಕೆನಡಾದಲ್ಲಿ ಮಗಳ ಮನೆಯಲ್ಲಿರುವ ನನ್ನಕ್ಕನಿಗೆ ಕಾಯಿಲೆ ಜೋರಾಗಿತ್ತು. ನಾನು ಬರಲೆಂದು ಫೋನಿನಲ್ಲೇ ದಾರಿ ಹೇಳಿಕೊಟ್ಟಿದ್ದಳು: "ಬಸ್ಸಿಳಿದು ಕೆರೆ ಬಲಕ್ಕಿಟ್ಕಂಡು ಬಾರೋ. ಹೋದ್ವರ್ಷ ಜೋಳದ ಹೊಲ ಇದ್ದಲ್ಲೆಲ್ಲ ಈಗ ಮನೆ ಎದ್ದಾವೆ, ಎಲ್ಲಾ ಒಂದೇ ನಮೂನೆ. ತೋರಣ ಕಟ್ಟಿದ್ದು ನಮ್ದು."

ವೀಸಾ ಸಿಗಲಿಲ್ಲ. "ನೀವು ವಾಪಸ್ ಬರ್ತೀರಂತ ಅವ್ರಿಗೆ ನಂಬಿಕೆ ಇಲ್ಲ ರೀ," ಎಂದ ಶಿಕಾರಿಪುರದ ಏಜೆಂಟ್.

ನನಗೆ ಮೈ ಉರಿಯಿತು. ಗೊಬ್ಬರಕ್ಕೆ ರಾತ್ರಿ ಕುರಿ ನಿಲ್ಲಿಸಲು ಜಡೆ ಊರಿನ ರೈತರು ಕರೆದರಷ್ಟೇ ಅವರ ಗದ್ದೆಗೆ ಹೋಗುವ ಕುರಿಗಾರ ನಾನು. ಕೆಲಸ ಮುಗಿದ ಮೇಲೆ ಒಂದು ರಾತ್ರಿಯೂ ಹೆಚ್ಚಿಗೆ ಉಳಿದವನಲ್ಲ.

"ಕುರಿ ಬಿಟ್ಟು ಅಲ್ಲೇನು ಮಾಡ್ಲಿ ಮಾರಾಯಾ?" ಎಂದೆ.

"ನಂಗೊತ್ತು ರೀ. ಅವ್ರಿಗೆ ಹೇಳೋರ್‍ಯಾರು?"

ನಿನ್ನೆ ಫೋನಿನಲ್ಲಿ ಅಕ್ಕನ ದನಿಯೇ ಹೊರಡಲಿಲ್ಲ. "ಮಾವಾ, ಅವ್ವ ಬೇಗ ಬಾ ಅಂತಿದಾಳೆ," ಎಂದಳು ಅವಳ ಮಗಳು. "ಹೂಂ ಕಣವ್ವಾ," ಎಂದೆ. ನಿಜ ಹೇಳಲು ಬಾಯಿ ಬರಲಿಲ್ಲ.