ಬ್ರೆಡ್ಡಿನ ತಿರುಳು

ಸಾಯುವ ಹಿಂದಿನ ದಿನವೂ ನನ್ನ ಗಂಡ ಅನ್ಸೆಲ್ಮ್ ಬೆಳಿಗ್ಗೆ ಬ್ರೆಡ್ಡಿನ ತಿರುಳನ್ನೆಲ್ಲ ಕಿತ್ತುಕೊಂಡು ನನಗೆ ಗಟ್ಟಿ ಸಿಪ್ಪೆ ಉಳಿಸಿದ್ದರು. ಫ್ರಾನ್ಸಿನ ಲಿಯೋನಿನಲ್ಲಿ ಮಕ್ಕಳ ಕಥೆಪುಸ್ತಕಗಳಿಗೆ ಚಿತ್ರ ಬರೆಯುವುದು, ಸಿರಿವಂತರ ಮುಖ ಬರೆಯುವುದು ಅವರ ಕೆಲಸ. ಇದ್ದಿಲಿನ ಗೆರೆ ಅಳಿಸಲು ತಿರುಳೇ ಬೇಕು. ರಬ್ಬರು ಕಾಗದಕ್ಕೆ ಗಾಯ ಮಾಡುತ್ತದಂತೆ. ಪುಸ್ತಕದ ರಾಕ್ಷಸನಿಗೆ ಒಂದು ಚೂರು ಸಾಕು, ಅವನು ಹೇಗಿದ್ದರೂ ತಕರಾರಿಲ್ಲ. ದುಡ್ಡು ಕೊಟ್ಟು ಕೂತವರಿಗೇ ಬ್ರೆಡ್ಡು ಜಾಸ್ತಿ. ನೋಟರಿಯ ಹೆಂಡತಿಯ ಜೋಡಿ ಗದ್ದ ಕರಗಿಸಲು ವಾರದ ಬ್ರೆಡ್ಡು ಹೋಯಿತು. ಚಿತ್ರ ನೋಡಿ ಆಕೆಯ ಗಂಡನೇ ಇದ್ಯಾರು ಅಂದ. “ರೀ, ಅವಳ ಗದ್ದಕ್ಕೆ ನಾನ್ಯಾಕೆ ಉಪವಾಸ ಇರ್ಲಿ?” ಅಂದರೆ, “ನಿನ್ ಹಲ್ಲು ಗಟ್ಟಿ ಇದೆ ಕಣೇ, ತಿನ್ನು” ಅನ್ನುತ್ತಿದ್ದರು. ಕಥೆಯ ಮಾಟಗಾತಿಯರಿಗೆಲ್ಲ ನನ್ನದೇ ಮೂಗು ಇಟ್ಟರು, ನನ್ನದೊಂದು ಚಿತ್ರ ಬರೀರಿ ಅಂದರೆ ಮಾತ್ರ ಯಾವಾಗಲೂ “ನಾಳೆ.” ಸಾಯುವ ಹಿಂದಿನ ಆ ದಿನ ನಾನು ಆಲೂಗಡ್ಡೆ ಸುಲಿಯುತ್ತ ಬೈಯುತ್ತಿದ್ದಾಗ ಬರೆದೇಬಿಟ್ಟರು. ಮುಗಿಸಿ, ತಿರುಳನ್ನು ಹಾಗೇ ತಂದು ನನ್ನ ತಟ್ಟೆಗೆ ಹಾಕಿದರು. “ಯಾಕ್ರೀ, ನನ್ ಮೂಗು ಅಳಿಸ್ಲಿಲ್ವಾ?” ಅಂದೆ. “ನಿನ್ ಮುಖದಲ್ಲಿ ಅಳಿಸೋಕೆ ಏನಿದೆ ಜರ್ಮೇನ್, ತಿನ್ನು” ಅಂದರು. ಮರುದಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಈಗಲೂ ಬೆಳಿಗ್ಗೆ ಬ್ರೆಡ್ಡು ತಂದು, ತಿರುಳು ಕಿತ್ತು ಅವರ ಮೇಜಿನ ಮೇಲಿಡುತ್ತೇನೆ. ಸಿಪ್ಪೆಯನ್ನು ಕಾಫಿಯಲ್ಲಿ ಅದ್ದಿ ನಾನು ತಿನ್ನುತ್ತೇನೆ.