ಬಿಡ್ರಿ ಅಂದದ್ದು

ಮರಿಯ ಎಡಗಿವಿಯ ಒಳಗೆ ಮೂರು ಉಣ್ಣಿಗಳಿದ್ದವು. ನಡುವಿನದು ರಕ್ತ ಕುಡಿದು ತೊಗರಿಕಾಳಿನಷ್ಟು ಉಬ್ಬಿತ್ತು. ಕೈ ಚಾಚಿದರೆ ಕಿತ್ತು ಹಾಕುವಷ್ಟು ಹತ್ತಿರ ಕುಳಿತಿದ್ದೆ, ಚಾಚಲಿಲ್ಲ. ಚಿಗರಿಯ ಮರಿಯನ್ನು ಮುಟ್ಟಬಾರದು, ತಾಯಿ ಅದನ್ನು ಮರೆತು ಹೋಗಿರುವುದಿಲ್ಲ, ಅಡಗಿಸಿಟ್ಟು ಮೇಯಲು ಹೋಗಿರುತ್ತದೆ ಎಂದು ಓದಿದ್ದೆ. ಅದು ಕವಳಿ ಕಂಟಿಯ ಬುಡದಲ್ಲಿ ಕುತ್ತಿಗೆಯನ್ನು ನೆಲಕ್ಕೆ ಒತ್ತಿ ಮಲಗಿ, ರೆಪ್ಪೆ ಬಡಿಯದೆ ನನ್ನನ್ನು ನೋಡುತ್ತಿತ್ತು.

ಬಿಜ್ಜರಗಿಯ ಆಚೆ, ಕಲ್ಲುಮಡ್ಡಿಯ ನೆತ್ತಿಯ ಮೇಲೆ ನಮ್ಮ ಕಾಕಾ ಅವರ ಒಂಟಿ ಕೋಣೆಯಿದೆ. ಕಲ್ಲಿನ ಗೋಡೆ, ತಗಡಿನ ಮಾಡು, ಮುಂದೆ ಒಂದು ನೀರಿನ ಡ್ರಮ್ಮು. ಕೋಣೆಯ ಪಕ್ಕದಲ್ಲೇ ದ್ರಾಕ್ಷಿ ಒಣಗಿಸುವ ಶೆಡ್ಡು. ಕೆಳಗಿನ ಹೊಲದಲ್ಲಿ ಬೆಳೆದ ದ್ರಾಕ್ಷಿಯನ್ನು ಮೇಲೆ ತಂದು ಜಾಳಿಗೆಗಳ ಮೇಲೆ ಹರಡುತ್ತಾರೆ, ಮಡ್ಡಿಯ ಬಿಸಿಗಾಳಿಗೆ ಬೇಗ ಮಣೂಕ ಆಗುತ್ತದೆಂದು. ಕಾಕಾ ಮತ್ತು ಕಾಕು ವರ್ಷಕ್ಕೆ ಒಂದೂವರೆ ತಿಂಗಳು ಅಲ್ಲೇ ಇರುತ್ತಾರೆ. ಆ ವರ್ಷ ವಿಜಯಪುರದಲ್ಲಿ ನನ್ನ ಪ್ರಾಣಿಶಾಸ್ತ್ರದ ಕೊನೆಯ ಪರೀಕ್ಷೆ ಮುಗಿದಿತ್ತು. ಯುಗಾದಿಯ ಮಾರನೇ ದಿನ ತಿಕೋಟಾದ ಬಸ್ಸು ಹಿಡಿದು, ಅಲ್ಲಿಂದ ಕಾಕಾ ಅವರ ಬೈಕಿನ ಹಿಂದೆ ಕುಳಿತು ಮೇಲೆ ಬಂದೆ. ಮಣೂಕದ ತೊಟ್ಟು ಬಿಡಿಸಲು ಕೈ ಬೇಕಾಗಿತ್ತು. ನನಗೆ ಜನ ಇಲ್ಲದ ಜಾಗ ಬೇಕಾಗಿತ್ತು.

ಜನ ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಬೆಳಕು ಹರಿಯುವ ಮೊದಲೇ ಕೌಜಗಗಳು ಕೂಗಾಟ ಶುರುಮಾಡುತ್ತಿದ್ದವು. ಡ್ರಮ್ಮಿನಿಂದ ಸೋರಿದ ನೀರಿಗೆ ಮೊದಲು ಕಣಜ ಬರುತ್ತಿದ್ದವು, ಆಮೇಲೆ ಓತಿಕ್ಯಾತ, ಆಮೇಲೆ ಅದನ್ನು ತಿನ್ನಲು ಮುಂಗುಸಿ. ಶೆಡ್ಡಿನ ಪಕ್ಕದಲ್ಲಿ ಬರಿ ಕಲ್ಲಿನ ನಡುವೆ ಟಿಟ್ಟಿಭವೊಂದು ನಾಲ್ಕು ಮೊಟ್ಟೆ ಇಟ್ಟಿತ್ತು. ಮಧ್ಯಾಹ್ನ ಅದು ಕಾವು ಕೊಡುತ್ತಿರಲಿಲ್ಲ, ರೆಕ್ಕೆ ಹರಡಿ ಮೊಟ್ಟೆಗಳಿಗೆ ನೆರಳು ಹಿಡಿದು, ಬಾಯಿ ತೆರೆದುಕೊಂಡು ನಿಂತಿರುತ್ತಿತ್ತು. ನಾಲ್ಕನೇ ದಿನ ಮೊಟ್ಟೆಗಳಿರಲಿಲ್ಲ. ಹಕ್ಕಿ ಮಾತ್ರ ಅದೇ ಜಾಗದಲ್ಲಿ ರೆಕ್ಕೆ ಹರಡಿ ನಿಂತಿತ್ತು.

ಮಣೂಕಕ್ಕೆ ಬರುವ ಗೊರವಂಕಗಳನ್ನು ಕಾಕು ತಮ್ಮದೇ ರೀತಿಯಲ್ಲಿ ದೂರ ಇಡುತ್ತಿದ್ದರು. ಬಲೆಗೆ ಸಿಕ್ಕ ಒಂದರ ಕಾಲಿಗೆ ದಾರ ಕಟ್ಟಿ ಶೆಡ್ಡಿನ ಬಾಗಿಲಿಗೆ ತಲೆಕೆಳಗಾಗಿ ತೂಗುಹಾಕಿದ್ದರು. ಮೊದಲ ದಿನ ಅದಕ್ಕೆ ಜೀವವಿತ್ತು.

“ಸತ್ತ ಮ್ಯಾಲ ಕಟ್ಟಬಹುದಿತ್ತಲ್ಲ ಕಾಕು,” ಎಂದೆ.

“ಸತ್ತದ್ದು ಒದರತೈತೇನ? ಅದು ಒದರಿದ್ರನ ಉಳಿದುವಕ್ಕ ತಿಳಿತೈತಿ,” ಎಂದು ಅವರು ತೊಟ್ಟು ಬಿಡಿಸುತ್ತಲೇ ಹೇಳಿದರು. ಕೆಟ್ಟವರೇನಲ್ಲ. ನನ್ನ ಕಾಲಿಗೆ ಜಾಲಿಮುಳ್ಳು ಮುರಿದಾಗ ಅರ್ಧ ತಾಸು ಕುಳಿತು ಸೂಜಿಯಿಂದ ತೆಗೆದವರು ಅವರೇ.

ಮರಿಯನ್ನು ನಾನು ಕಂಡದ್ದು ಐದನೇ ದಿನ. ಆಮೇಲೆ ದಿನಾ ಬೆಳಗ್ಗೆ ಹೋಗುತ್ತಿದ್ದೆ, ಯಾರಿಗೂ ಹೇಳದೆ. ತಾಯಿ ಎದುರಿನ ದಿಬ್ಬದ ಮೇಲಿಂದ ನನ್ನನ್ನು ನೋಡಿ ಮೂಗಿನಿಂದ ಸೀನಿದಂತೆ ಸದ್ದು ಮಾಡುತ್ತಿತ್ತು, ಮುಂಗಾಲು ನೆಲಕ್ಕೆ ಬಡಿಯುತ್ತಿತ್ತು. ನಾನು ದೂರ ಸರಿದ ಮೇಲೆ ಇಳಿದು ಬಂದು ಹಾಲು ಕುಡಿಸುತ್ತಿತ್ತು. ಇನ್ನೊಂದು ವಾರ ಕಳೆದರೆ ಮರಿ ತಾಯಿಯ ಹಿಂದೆ ಓಡಬಲ್ಲದು, ಆಮೇಲೆ ಅದನ್ನು ಹಿಡಿಯುವುದು ಯಾರಿಂದಲೂ ಆಗದು ಎಂದು ಲೆಕ್ಕ ಹಾಕಿದ್ದೆ. ಅಲ್ಲಿಯವರೆಗೆ ಕಾಕಾ ಅವರ ನಾಯಿಗೆ ಅದು ಗೊತ್ತಾಗಬಾರದಿತ್ತು. ಮುಧೋಳ ತಳಿಯ ನಾಯಿ, ಪಕ್ಕೆಲುಬು ಎಣಿಸಬಹುದಾದಂಥದ್ದು. ಮೊಲವನ್ನು ಅದು ಓಡಿಸಿ ಹಿಡಿಯುವುದನ್ನು ಒಮ್ಮೆ ನೋಡಿದ್ದೆ.

“ಎಲ್ಲಿಗೆ ಹೊಂಟಿ ಬೇ ದಿನಾ?” ಎಂದು ಕಾಕು ಚೇಷ್ಟೆ ಮಾಡುತ್ತಿದ್ದರು. “ಕಂಟ್ಯಾಗ ಯಾವನರ ಕುಂತಾನೇನ?”

ನಾನು ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ. ನಾಯಿಗೆ ದಾರಿ ತೋರಿಸಿದ್ದು ಆ ದಿನದಿನದ ನಡಿಗೆಯೇ. ಮರಿಯ ಮೈವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನನ್ನ ಚಪ್ಪಲಿಗೆ ಇತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯ ಹೆಣ್ಣುಮಕ್ಕಳು ಹಿರಿಯರ ಎದುರು ‘ಬ್ಯಾಡ’ ಅನ್ನುವುದಿಲ್ಲ. ಅದು ಉದ್ಧಟತನ. ತಾಟಿಗೆ ಇನ್ನೊಂದು ರೊಟ್ಟಿ ಬರುತ್ತಿದ್ದರೆ ಕೈ ಅಡ್ಡ ಹಿಡಿದು ‘ಬಿಡ್ರಿ’ ಎನ್ನುತ್ತೇವೆ. ಹಿಂದಿನ ವರ್ಷ ಕಾಖಂಡಕಿಯಿಂದ ಬಂದ ಒಂದು ಸಂಬಂಧವನ್ನೂ ನಾನು ‘ಈಗ್ಯಾಕ, ಬಿಡ್ರಿ’ ಎಂದೇ ತಪ್ಪಿಸಿಕೊಂಡಿದ್ದೆ. ಎಲ್ಲರಿಗೂ ಅರ್ಥವಾಗಿತ್ತು.

ಹನ್ನೊಂದನೇ ಬೆಳಗ್ಗೆ ಕಂಟಿಯ ಹತ್ತಿರ ಕುಳಿತಿದ್ದಾಗ ಹಿಂದೆ ಕಲ್ಲು ಉರುಳಿದ ಸದ್ದಾಯಿತು. ಕಾಕಾ ನಿಂತಿದ್ದರು. ನಾಯಿ ನೆಲ ಮೂಸುತ್ತ ಹಗ್ಗವನ್ನು ಬಿಗಿಯಾಗಿ ಎಳೆಯುತ್ತಿತ್ತು.

“ಇದನ್ನ ನೋಡಾಕ ಬರ್ತಿದ್ದೇನ?” ಎಂದರು. ಬಗ್ಗಿ ಕಂಟಿಯ ಬುಡ ನೋಡಿದರು. ಅವರಿಗೆ ಖುಷಿಯಾಗಿತ್ತು. “ಏನ್ ಮಾಡೂಣವ್ವಾ, ಹೇಳು?”

ಮರಿ ಅಲುಗಲಿಲ್ಲ. ದಿಬ್ಬದ ಮೇಲೆ ತಾಯಿ ಸೀನಿತು.

“ಬಿಡ್ರಿ ಕಾಕಾ,” ಎಂದೆ.

ಅವರು ನಾಯಿಯನ್ನು ಬಿಟ್ಟರು.

ಬಿಡುವ ಮೊದಲು ಅವರು ನಕ್ಕಿದ್ದನ್ನು ನಾನು ನೋಡಿದೆ. ಅದಕ್ಕೇ, ಅವರು ತಪ್ಪು ತಿಳಿದರು ಎಂದು ನಾನು ಬರೆಯಲಾರೆ. ಮರಿ ಎದ್ದು ಓಡಲೂ ಇಲ್ಲ. ಅಡಗಿ ಮಲಗಿದರೆ ಸಾಕು ಎಂದು ಅದಕ್ಕೆ ಹುಟ್ಟಿನಿಂದ ತಿಳಿದಿತ್ತು, ಅಷ್ಟೇ ತಿಳಿದಿತ್ತು. ಒಮ್ಮೆ ಆಡಿನ ಮರಿಯಂತೆ ಕೂಗಿತು. ನಾಯಿ ಅದನ್ನು ಕುತ್ತಿಗೆಗೆ ಹಿಡಿದು ಎರಡು ಸಲ ಝಾಡಿಸಿತು.

ಕೋಣೆಗೆ ಮರಳುವ ದಾರಿಯಲ್ಲಿ ನಾನು ಕೇಳಿದೆ, “ನಾ ಅಂದದ್ದು ಅದಲ್ಲ, ನಿಮಗ ಗೊತ್ತಿತ್ತಲ್ರಿ?”

“ನೀನ ಬಿಡ್ರಿ ಅಂದಿ, ನಾ ಬಿಟ್ಟೆ. ಇಷ್ಟ ಸಾಲಿ ಕಲತಾಕಿ ಹೇಳಿದ ಮ್ಯಾಲ ಕೇಳಬೇಕಲ್ಲ!” ಮರಿಯ ಹಿಂಗಾಲುಗಳು ಅವರ ಕೈಯಲ್ಲಿದ್ದವು. ತಲೆ ಕಲ್ಲುಗಳಿಗೆ ತಾಗುತ್ತ ಬರುತ್ತಿತ್ತು. “ಕೆಳಗ ಊರಾಗ ಬಾಯಿ ಬಿಡಬ್ಯಾಡ ಮತ್ತ. ಜೇಲ್ ಆಗತೈತಿ.”

ಕಾಕು ಕಾರ ಅರೆದು ಮಧ್ಯಾಹ್ನಕ್ಕೆ ಅಡುಗೆ ಮಾಡಿದರು. ನನ್ನ ತಾಟಿನ ಮೇಲೆ ಸೌಟು ಬಂದಾಗ ಕೈ ಅಡ್ಡ ಹಿಡಿದೆ, ಬಾಯಿಂದ ಅದೇ ಮಾತು ಬಂತು. ಕಾಕು ಸೌಟು ಹಿಡಿದುಕೊಂಡೇ ಕಾಕಾ ಅವರ ಮುಖ ನೋಡಿದರು.

“ಇದು ಯಾವ ಬಿಡ್ರಿ ಬೇ? ಬ್ಯಾಡ ಅನ್ನೂದೋ, ನೀಡು ಅನ್ನೂದೋ?”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಕು ನೀಡಿದರು. ನಾನು ಎರಡು ತುತ್ತು ತಿಂದೆ. ಎಳೆಯ ಮಾಂಸ, ಮೆತ್ತಗಿತ್ತು. ಮೂರನೆಯದನ್ನು ಬಾಯಿಗಿಟ್ಟಾಗ ಉಣ್ಣಿ ಹತ್ತಿದ ಆ ಕಿವಿಯನ್ನು ಎಲ್ಲಿ ಎಸೆದಿರಬಹುದು ಎಂದು ಯೋಚಿಸಿದೆ. ಎದ್ದು ಹೊರಗೆ ಹೋದೆ.

ಸಂಜೆ ಕಾಕಾ ಹಗ್ಗಕ್ಕೆ ಹೊಸ ಗಂಟು ಹಾಕುತ್ತ ಕುಳಿತಿದ್ದರು. “ತಾಯಿ ನಾಳಿ ಮತ್ತ ಬರತೈತಿ ನೋಡು,” ಎಂದರು, ನನಗೋ ಕಾಕುಗೋ. “ಮಲಿ ಬಿಗದಿರತಾವ. ಮರಿ ಹುಡಕೋಂತ ಅದ ಕಂಟಿಗೇ ಬರತೈತಿ. ಬಿಸಲು ಏರೂದ್ರಾಗ ನಾನೂ ಹೊಕ್ಕೇನಿ.”

“ಹೋಗ್ರಿ. ಆದ್ರ ಈಕಿನ್ನ ಕರಕೊಂಡು ಹೋಗಬ್ಯಾಡ್ರಿ, ಮತ್ತೇನರ ಅಂದಾಳ,” ಎಂದರು ಕಾಕು.

ನಾಯಿಯನ್ನು ಬಿಚ್ಚಿ ಓಡಿಸೋಣವೆಂದರೆ ಅದನ್ನು ಕಾಕಾ ತಾವು ಮಲಗುವ ಹೊರಸಿನ ಕಾಲಿಗೇ ಕಟ್ಟಿದ್ದರು. ಕಾಕಾ ಅವರಿಗೆ ಹೋಗಬೇಡಿರೆಂದು ಹೇಳುವ ಮಾತಂತೂ ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಅವರು ಚಹಾ ಕುಡಿಯಲು ಏಳುವ ಮೊದಲೇ ನಾನು ಎದ್ದು ಹೋದೆ. ಚಿಗರಿ ಆಗಲೇ ಬಂದಿತ್ತು. ಕಂಟಿಯ ಬುಡಕ್ಕೆ ಮೂಗು ತಾಗಿಸಿ ಮೂಸುತ್ತಿತ್ತು. ಕೆಚ್ಚಲು ಕಲ್ಲಿನಂತೆ ಬಿಗಿದು, ಹಿಂಗಾಲಿನ ಒಳಬದಿಗೆ ಹಾಲು ಇಳಿದ ಗೆರೆಯಿತ್ತು. ನನ್ನನ್ನು ಕಂಡು ಹೆದರಲಿಲ್ಲ. ಒಂದು ವಾರ ನೋಡಿ ನನ್ನ ಗುರುತು ಅದಕ್ಕೆ ಹತ್ತಿತ್ತು.

ಕಲ್ಲು ಎತ್ತಿಕೊಂಡು ಎಸೆದೆ. ತಾಗಲಿಲ್ಲ. ಅದು ನಾಲ್ಕು ಹೆಜ್ಜೆ ಜಿಗಿದು ಮತ್ತೆ ಕಂಟಿಗೇ ಬಂತು. ಇನ್ನೊಂದು ಕಲ್ಲು ಪಕ್ಕೆಗೆ ಬಿತ್ತು, ಒಳಗೆ ಟೊಳ್ಳು ಇದ್ದಂಥ ಸದ್ದಾಯಿತು. ಆಗಲೂ ಅದು ತಿರುಗಿ ನಿಂತು ಕಂಟಿಯನ್ನೇ ನೋಡಿತು. ಹಿಂದೆ ಕೋಣೆಯ ಬಾಗಿಲು ತೆರೆದ ಸದ್ದು ಕೇಳಿಸಿತು. ನಾನು ದೊಡ್ಡದೊಂದನ್ನು ಆರಿಸಿ, ಹತ್ತಿರ ಓಡಿ, ಮುಖಕ್ಕೆ ಗುರಿಯಿಟ್ಟು ಹೊಡೆದೆ. ಅದು ದಿಬ್ಬ ದಾಟಿ ಕಣ್ಮರೆಯಾಗುವವರೆಗೆ ಹೊಡೆಯುತ್ತಲೇ ಇದ್ದೆ.