ಬಟ್ಟಲ ಮೇಲಿನ ಹೆಸರು ಸುಭದ್ರಾಬಾಯಿಯದು

ಗುರುಬಾಯಿ ಕರಜಗಿ ಊರಿನ ಮಗಳು. ತವರಿನಲ್ಲಿ ದಿನಕ್ಕೊಂದು ತಪ್ಪಲಪಲ್ಯ ಉಂಡು ಬೆಳೆದವಳು. ಪುಂಡಿ, ಮೆಂತ್ಯೆ, ರಾಜಗಿರಿ, ಹೊಲದ ಬೆಳೆ ಎಳೆಯದಾಗಿದ್ದಾಗ ಕುಸುಬೆಯ ಕುಡಿ. ಮದುವೆಯಾಗಿ ಮಟಕಿ ಊರಿಗೆ ಬಂದು ನೋಡಿದರೆ ಇಲ್ಲಿಯ ತಾಟುಗಳಿಗೆ ಬೇಳೆ, ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿಯ ಹಿಂಡಿ ಬಿಟ್ಟರೆ ಬೇರೆಯದರ ಪರಿಚಯವೇ ಇರಲಿಲ್ಲ.

ಮಾವ ಶಾಂತಲಿಂಗಪ್ಪನಿಗೆ ಹಸಿರು ಕಂಡರೆ ಸಿಟ್ಟು. "ಕೊಟ್ಟಿಗ್ಯಾಗ ಎತ್ತು ಹಸದಾವ, ಅಲ್ಲಿ ಒಯ್ದು ಹಾಕಬೇ" ಅನ್ನುತ್ತಿದ್ದ. ಗಂಡ ದೌಲತರಾಯ ಅಪ್ಪನಿಗೆ ತಕ್ಕ ಮಗ. ಇನ್ನು ನಾಲ್ಕು ವರ್ಷದ ಮಗಳು ಕಸ್ತೂರಿ ಉಣ್ಣುತ್ತಿದ್ದುದೇ ಅಜ್ಜನ ತಾಟಿನಲ್ಲಿ. ಅಜ್ಜ ಮುಟ್ಟಿದ್ದನ್ನು ಮುಟ್ಟುವಳು, ಸರಿಸಿದ್ದನ್ನು ಸರಿಸುವಳು.

ಎಪ್ಪತ್ತೆಂಟನೆಯ ಇಸವಿಯ ಚಳಿ ಶುರುವಾಗುವ ಹೊತ್ತಿಗೆ ಕಸ್ತೂರಿ ದೀಪ ಹಚ್ಚುವ ಸಮಯದಲ್ಲಿ ಎಡವತೊಡಗಿದಳು. ಹೊಸ್ತಿಲಿಗೆ ಒಮ್ಮೆ, ಬೀಸುವ ಕಲ್ಲಿಗೆ ಒಮ್ಮೆ. ಊರಿಗೆ ಬಂದ ನರ್ಸಬಾಯಿ ಕೂಸಿನ ಬಾಯಿಗೆ ಔಷಧದ ಹನಿ ಹಾಕಿ, ಗುರುಬಾಯಿಯನ್ನು ಪಕ್ಕಕ್ಕೆ ಕರೆದಳು.

"ಇರುಳಗಣ್ಣು ಇದು. ಔಷಧ ಹಾಕೀನಿ, ಖರೆ. ಆದ್ರ ದಿನಾ ತಪ್ಪಲ ಹೊಟ್ಟಿಗಿ ಬೀಳ್ಬೇಕು. ಇಲ್ಲಂದ್ರ ಮತ್ತ ಬರ್ತದ ನೋಡವ್ವ."

ಮರುದಿನವೇ ಗುರುಬಾಯಿ ಮೆಂತ್ಯೆಯನ್ನು ಸಣ್ಣಗೆ ಹೆಚ್ಚಿ ರೊಟ್ಟಿಯ ಹಿಟ್ಟಿನಲ್ಲಿ ನಾದಿದಳು. ಮಾವ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಏನಬೇ ಇದು, ರೊಟ್ಟಿಗಿ ಬೂಷ್ಟು ಹಿಡದದೇನು?"

"ಬೂಷ್ಟು! ಬೂಷ್ಟು!" ಕಸ್ತೂರಿ ಚಪ್ಪಾಳೆ ತಟ್ಟಿ ತನ್ನ ತುಂಡನ್ನೂ ಎಸೆದಳು. ಬೇಳೆಯಲ್ಲಿ ಪುಂಡಿ ಅರೆದು ಹಾಕಿದ ದಿನ ತಂದೆ ಮಗ ಇಬ್ಬರೂ ಬರೀ ಹಿಂಡಿ ಮೊಸರು ಉಂಡು ಎದ್ದರು.

ಅಂಥದರಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಸುಭದ್ರಾಬಾಯಿ ಒಂದು ಬಟ್ಟಲು ರಾಜಗಿರಿ ಪಲ್ಯ ಕಳಿಸಿದಳು. ಅಂಚಿಗೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿದ ಸ್ಟೀಲಿನ ಬಟ್ಟಲು. ಇದೂ ಎತ್ತಿನ ಪಾಲೇ ಅಂದುಕೊಂಡು ಗುರುಬಾಯಿ ತಂದಿಟ್ಟರೆ, ಮಾವ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದ!

"ಮಂದಿ ಮನಿಂದ ಬಂದದ್ದು ಬಿಡಬಾರ್ದವ್ವ. ಪ್ರಸಾದ ಇದ್ದಂಗ ಅದು," ಅಂದವನು ಕಸ್ತೂರಿಯ ಬಾಯಿಗೂ ಒಂದು ತುತ್ತು ಇಟ್ಟ. ಅವಳು ನುಂಗಿದಳು. ಇನ್ನೊಂದಕ್ಕೆ ಬಾಯಿ ತೆರೆದಳು.

ಬಟ್ಟಲು ತೊಳೆದು, ಬರಿದಾಗಿ ಮರಳಿಸಬಾರದೆಂದು ಒಂದು ಹಿಡಿ ಶೇಂಗಾ ಹಾಕಿ, ಗುರುಬಾಯಿ ಹಿತ್ತಿಲ ಗೋಡೆಯ ಬಳಿ ಹೋಗಿ ನಿಂತಳು.

"ಯಕ್ಕಾ, ಶೇಂಗಾ ತಗೋ. ಬಟ್ಟಲ ಮಾತ್ರ ನನ್ನ ಬಲ್ಲಿ ಇರಲಿ."

"ಯಾಕಬೇ, ನಿಮ್ಮನ್ಯಾಗ ಬಟ್ಟಲಿಲ್ಲೇನು?"

ಗುರುಬಾಯಿ ಎಲ್ಲ ಹೇಳಿದಳು. ಸುಭದ್ರಾಬಾಯಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

"ಅಂದ್ರ ಪಲ್ಯ ನಿಂದು, ಹೆಸರು ನಂದು! ನನಗೇನು ನುಕ್ಸಾನ? ಒಯ್ಯವ್ವ ಒಯ್ಯಿ!"

ಅಂದಿನಿಂದ ಗಂಡಸರು ಹೊಲಕ್ಕೆ ಹೋದ ಮೇಲೆ ಪಲ್ಯ ಬೇಯುತ್ತಿತ್ತು. ಅವರು ಬರುವ ಹೊತ್ತಿಗೆ ಪಕ್ಕದ ಮನೆಯ ಬಟ್ಟಲಲ್ಲಿ ಕೂತು ಕಾಯುತ್ತಿತ್ತು. ಒಂದು ದಿನ ನುಗ್ಗೆಯ ತಪ್ಪಲು, ಒಂದು ದಿನ ಮೆಂತ್ಯೆ ಬೇಳೆ.

"ಕೈ ಅಂದ್ರ ಸುಭದ್ರಾಬಾಯಿದು," ಎಂದು ಮಾವ ಬೆರಳು ನೆಕ್ಕುತ್ತಿದ್ದ. "ನೀ ಜರಾ ಅಕಿ ಬಲ್ಲಿ ಹೋಗಿ ಕಲ್ತು ಬಾರಬೇ."

"ಕಲ್ಕೋತೇನ್ರಿ ಮಾವಾರ," ಎಂದು ಗುರುಬಾಯಿ ಒಲೆಯೊಳಗಿನ ಕಟ್ಟಿಗೆಯನ್ನು ಬೇಕಿದ್ದಕ್ಕಿಂತ ಜೋರಾಗಿ ನೂಕುತ್ತಿದ್ದಳು. ಗಂಟಲ ತನಕ ಬಂದ ಮಾತು, ಕಸ್ತೂರಿ ತಾಟಿನ ಮೂಲೆ ಬಳಿಯುವುದನ್ನು ಕಂಡು ಒಳಗೇ ಇಳಿಯುತ್ತಿತ್ತು. ದೌಲತರಾಯನಿಗೆ ಮಾತ್ರ ಸಂಶಯ: "ಅಲಾ, ಅಕಿ ಮನ್ಯಾಗ ದಿನಾ ಇಷ್ಟ್ಯಾಕ ಉಳೀತದ?"

ಇಪ್ಪತ್ತು ದಿನ ಹೀಗೇ ನಡೆಯಿತು. ಇಪ್ಪತ್ತೊಂದನೆಯ ದಿನ ಗುರುಬಾಯಿ ಎಂದಿನಂತೆ ಬಟ್ಟಲು ಇಟ್ಟು, "ಸುಭದ್ರಕ್ಕ ಈಗರೆ ಕೊಟ್ಟಾಳ್ರಿ, ಬಿಸಿ ಅದ" ಅಂದಳು.

ಮಾವನ ಕೈ ನಿಂತಿತು. "ಈಗ?"

"ಹೌದ್ರಿ. ಹಿತ್ತಿಲ ಬಾಗಿಲಾಗ."

"ಮಗಳಿಗಿ ಬ್ಯಾನಿ ಎದ್ದಾವಂತ ಸುದ್ದಿ ಬಂದು, ನಸಿಕಿನ್ಯಾಗ ಅಫಜಲಪುರಕ್ಕ ಹೋಗ್ಯಾಳ ಅಕಿ. ನಾನ ಖುದ್ದ ಗಂಟು ಹೊತ್ಕೊಂಡು ಹೋಗಿ ಬಸ್ಸಿಗಿ ಹತ್ತಿಸಿ ಬಂದೀನಿ."

ಬೆಳಿಗ್ಗೆ ಗುರುಬಾಯಿ ಬಾವಿಗೆ ನೀರಿಗೆ ಹೋಗಿದ್ದಳು. ಇದೊಂದೂ ಅವಳಿಗೆ ಗೊತ್ತಿರಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಪಲ್ಯ ನಂದ್ರಿ ಮಾವಾರ. ಬಟ್ಟಲಷ್ಟೇ ಅಕಿದು."

"ನನಗ ಸುಳ್ಳು ಹೇಳಿದಿ?"

"ಹೇಳೀನ್ರಿ."

"ದಿನಾ?"

"ಐತ್ವಾರ ಒಂದು ಬಿಟ್ಟು. ಐತ್ವಾರ ಖರೇನೇ ಅಕಿ ಕೊಟ್ಟಿದ್ಲು."

ದೌಲತರಾಯನಿಗೆ ನಗು ತಡೆಯಲಾಗದೆ ರೊಟ್ಟಿ ನೆತ್ತಿಗೆ ಹತ್ತಿತು. ಮಾವ ನಗಲಿಲ್ಲ. ಗುರುಬಾಯಿಯ ದನಿ ಸಣ್ಣದಾಯಿತು.

"ಕೂಸಿನ ಕಣ್ಣಿಗ್ರಿ. ನೀವು ತಿಂದ್ರಷ್ಟೇ ಅಕಿ ತಿಂತಾಳ. ನನಗ ಮತ್ತೊಂದು ಹಾದಿ ಕಾಣ್ಲಿಲ್ಲ."

ಮಾವ ಬಟ್ಟಲನ್ನು ಅತ್ತ ಸರಿಸಿದ. ಅದನ್ನೇ ನೋಡುತ್ತಿದ್ದ ಕಸ್ತೂರಿ, ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ತಾಟಿಗೆ ಇಳಿಸಿ ಬೆರಳು ಒರೆಸಿಕೊಂಡಳು.

"ನನಗೂ ಬ್ಯಾಡ."

ಶಾಂತಲಿಂಗಪ್ಪ ಆ ತುತ್ತನ್ನು ನೋಡಿದ. ಮೊಮ್ಮಗಳ ಮೊಣಕಾಲಿನಲ್ಲಿ ಬೀಸುವ ಕಲ್ಲು ಬಡಿದ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಅದರ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ ಬಟ್ಟಲನ್ನು ಎಳೆದುಕೊಂಡು ಅರ್ಧಕ್ಕರ್ಧ ಪಲ್ಯವನ್ನು ತಾಟಿಗೆ ಸುರುವಿದ.

"ಯಾರಂದ್ರು ನಿನಗ ಬ್ಯಾಡಂತ? ನೋಡಿಲ್ಲಿ, ಅಜ್ಜ ತಿನ್ನಾಕತ್ತಾನ. ಆ ಅನ್ನು."

ಎರಡು ತುತ್ತು ಒಳಗೆ ಹೋದ ಮೇಲೆ ಸೊಸೆಯ ಕಡೆ ತಿರುಗಿದ. "ಉಪ್ಪು ಕಮ್ಮಿ ಆಗ್ಯದ. ಸುಭದ್ರಾಬಾಯಿ ಬರೋಬ್ಬರಿ ಹಾಕ್ತಿದ್ಲು."

"ಹೌದ್ರಿ," ಅಂದ ಗುರುಬಾಯಿ ಮುಖ ಮುಚ್ಚಿಕೊಂಡು ಉಪ್ಪು ತರಲು ಒಳಗೆ ಓಡಿದಳು.

ತಿಂಗಳ ಮೇಲೆ ಒಂದು ಸಂಜೆ. ಹೊತ್ತು ಮುಳುಗಿ ಓಣಿ ಮಬ್ಬಾಗಿತ್ತು. ಗುರುಬಾಯಿ ಕಂದೀಲಿನ ಗಾಜು ಒರೆಸುತ್ತ ಕಟ್ಟೆಯ ಮೇಲೆ ಕೂತಿದ್ದಳು.

"ಅವ್ವಾ, ಅಜ್ಜ ಬರಾಕತ್ತಾನ," ಅಂದಳು ಕಸ್ತೂರಿ.

ಗುರುಬಾಯಿ ಕತ್ತೆತ್ತಿದರೆ ಓಣಿಯ ತುದಿಯಲ್ಲಿ ಒಂದು ಧೋತರದ ಬಿಳುಪು, ಅಷ್ಟೇ.

"ಅಜ್ಜನೇ ಅಂತ ಹ್ಯಾಂಗ ಗೊತ್ತಾತು?"

"ಕಾಣಸ್ತದಲಾ! ಬಗಲಾಗ ಏನೋ ಹಿಡಕೊಂಡಾನ."

ಆಳಂದ ಸಂತೆಯಿಂದ ಬಂದ ಶಾಂತಲಿಂಗಪ್ಪ ಎರಡು ಸಿವುಡು ಮೆಂತ್ಯೆಯನ್ನು ಸೊಸೆಯ ಮುಂದೆ ಇಳಿಸಿ ಕಾಲು ತೊಳೆಯಲು ಹೋದ. ತಪ್ಪಲು ಬಿಸಿಲಿಗೆ ಬಾಡಿ ಬಂದಿತ್ತು. ಕೆಳಗಿನ ಸಿವುಡಿನಲ್ಲಿ ಅರ್ಧ ಹುಲ್ಲೇ ಇತ್ತು. ಗುರುಬಾಯಿ ಅದರ ಮೇಲೆ ನೀರು ಚಿಮುಕಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆ ಬಿಡಿಸತೊಡಗಿದಳು.